ಕಡವೆಯೋ, ಹಂದಿಯೋ? ತೋಟದಲ್ಲಿ ಕಾವಲಿರುವ ಕ್ಯಾಮೆರಾವನ್ನು ಹೊಂದಿಸುವ ಬಗೆ

ಬೆಳಗ್ಗೆ ತೋಟಕ್ಕೆ ಹೋಗಿ ನೋಡಿದರೆ ಎಳೆಯ ಅಡಿಕೆ ಸಸಿಯ ಸುಳಿ ಇಲ್ಲ, ಬಾಳೆಯ ಕಂದು ನೆಲಕ್ಕೆ ಒರಗಿದೆ, ಗುಡ್ಡದ ಬದಿಯ ರಬ್ಬರು ಗಿಡದ ಸಿಪ್ಪೆ ಎದ್ದಿದೆ. ಮಾಡಿದವರು ಯಾರೆಂದು ಕೇಳಿದರೆ ಒಂದೇ ಮನೆಯಲ್ಲಿ ಮೂರು ಉತ್ತರ ಸಿಗುತ್ತದೆ. ಅಜ್ಜ ಕಡವೆ ಎನ್ನುತ್ತಾರೆ, ಮಗ ಹಂದಿ ಎನ್ನುತ್ತಾನೆ, ಕೆಲಸಕ್ಕೆ ಬಂದವರು ಮುಳ್ಳುಹಂದಿ ಎಂದು ತೀರ್ಪು ಕೊಡುತ್ತಾರೆ. ಅಡೂರು, ದೇಲಂಪಾಡಿ, ಮುಳಿಯಾರು, ಕಾರಡ್ಕದ ಕಾಡಂಚಿನಲ್ಲಾಗಲಿ, ಪಾಣತ್ತೂರಿನ ಮತ್ತು ರಾಣಿಪುರದ ಕೆಳಗಿನ ಗುಡ್ಡಗಳಲ್ಲಾಗಲಿ ಬೇಸಾಯ ಮಾಡುವ ನಮ್ಮವರಿಗೆ ಈ ಚರ್ಚೆ ಹೊಸತಲ್ಲ. ಹಿಂದೆ ಗದ್ದೆಯ ಬದಿಯಲ್ಲಿ ಅಟ್ಟಣಿಗೆ ಕಟ್ಟಿ, ಡಬ್ಬ ಬಡಿದು, ಸೂಟೆ ಬೀಸಿ ಇರುಳು ಕಾಯುವ ಜನರಿದ್ದರು. ಈಗ ಕಾಯಲು ಜನರಿಲ್ಲ. ಮರಕ್ಕೆ ಪಟ್ಟಿ ಬಿಗಿದು ಕಟ್ಟುವ ಒಂದು ಸಣ್ಣ ಪೆಟ್ಟಿಗೆ ಆ ಕೆಲಸಕ್ಕೆ ಬಂದಿದೆ. ಅಂಗಡಿಯವರು ಅದನ್ನು ಟ್ರೇಲ್ ಕ್ಯಾಮೆರಾ ಎನ್ನುತ್ತಾರೆ. ಅರಣ್ಯ ಇಲಾಖೆಯವರ ಬಾಯಲ್ಲಿ ಅದು ಕ್ಯಾಮೆರಾ ಟ್ರ್ಯಾಪ್.

ಆದರೆ ಕೆಲವು ಸಾವಿರ ರೂಪಾಯಿ ಕೊಟ್ಟು ಪೆಟ್ಟಿಗೆ ತಂದು ಕಟ್ಟಿದವರಲ್ಲಿ ಹಲವರು ವಾರ ಕಳೆದು ನೋಡುವಾಗ ನಿರಾಶರಾಗುತ್ತಾರೆ. ಕಾರ್ಡಿನ ತುಂಬ ಬಾಳೆಯೆಲೆ ಬೀಸುವ ಚಿತ್ರ. ನಡುವೆ ಒಂದೆರಡು ಕಡೆ ಯಾವುದೋ ಪ್ರಾಣಿಯ ಹಿಂಭಾಗ, ಇಲ್ಲವೇ ಕತ್ತಲಲ್ಲಿ ಹೊಳೆಯುವ ಎರಡು ಕಣ್ಣು. ಕ್ಯಾಮೆರಾ ಸರಿಯಿಲ್ಲ ಎಂದು ಅದನ್ನು ಅಟ್ಟಕ್ಕೆ ಎಸೆಯುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆ ಇರುವುದು ಅದರೊಳಗಿನ ಸೆಟ್ಟಿಂಗುಗಳಲ್ಲಿ. ಕಾರ್ಖಾನೆಯವರು ಇಟ್ಟುಕೊಟ್ಟ ಸೆಟ್ಟಿಂಗು ನಮ್ಮ ಊರಿಗಾಗಿ, ನಮ್ಮ ಸೆಕೆಗಾಗಿ, ನಮ್ಮ ಪ್ರಾಣಿಗಳಿಗಾಗಿ ಮಾಡಿದ್ದಲ್ಲ. ಅದನ್ನು ಹೇಗೆ ಬದಲಾಯಿಸಿಕೊಳ್ಳಬೇಕೆಂಬುದೇ ಈ ಲೇಖನದ ವಿಷಯ.

ಪ್ರಾಣಿ ಯಾವುದೆಂದು ತಿಳಿಯುವುದರ ಮೇಲೆ ಮುಂದಿನ ದಾರಿಯೆಲ್ಲ ನಿಂತಿದೆ. ಕಡವೆ, ಕಾಡುಕುರಿ, ಬರಿಂಕ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿಗಳು. ಅವುಗಳನ್ನು ಕೊಲ್ಲುವುದು, ಉರುಳು ಇಕ್ಕುವುದು ಅಪರಾಧ. ಬೆಳೆಗೆ ನುಗ್ಗುವ ಹಂದಿಯ ವಿಷಯದಲ್ಲಿ ಕೇರಳ ಸರಕಾರವು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಅಧಿಕಾರ ಕೊಟ್ಟು, ಪರವಾನಿಗೆಯುಳ್ಳ ಕೋವಿಯವರಿಂದ ಕೊಲ್ಲಿಸುವ ಕ್ರಮವೊಂದನ್ನು ಮಾಡಿತು. ಜಿಂಕೆಯ ಜಾತಿಗೆ ಅದು ಅನ್ವಯಿಸುವಂತಹುದಲ್ಲ. ಕಡವೆ ಮಾಡಿದ ನಷ್ಟಕ್ಕೆ ದಾರಿಯೆಂದರೆ ಬೇಲಿ, ಅಗಳು ಮತ್ತು ಪರಿಹಾರದ ಅರ್ಜಿ. ಕಾಡುಪ್ರಾಣಿಗಳಿಂದ ನಷ್ಟ ಹೊಂದಿದವರಿಗೆ ಪರಿಹಾರ ಕೊಡುವ ನಿಯಮಾವಳಿ ಈ ರಾಜ್ಯದಲ್ಲಿ 1980ರಿಂದ ಇದೆ. ಹೀಗಿರುವಾಗ, ಸುಳಿ ತಿಂದದ್ದು ಯಾರೆಂದು ತಿಳಿಯದೆ ಸಿಟ್ಟಿನಲ್ಲಿ ಕರೆಂಟಿನ ತಂತಿ ಎಳೆದವರ ಕತೆ ಏನಾಗುತ್ತದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ತಂತಿಗೆ ಕಡವೆ ಯಾವುದು, ನೆರೆಯವರ ದನ ಯಾವುದು, ಬೆಳಗ್ಗೆ ರಬ್ಬರು ಟ್ಯಾಪಿಂಗಿಗೆ ಹೋಗುವ ಮನುಷ್ಯ ಯಾರು ಎಂಬ ಭೇದವಿಲ್ಲ.

ಕ್ಯಾಮೆರಾ ಕಟ್ಟುವುದಕ್ಕೂ ಮೊದಲು ಗಿಡವನ್ನು ಸರಿಯಾಗಿ ನೋಡುವುದೊಳ್ಳೆಯದು. ಜಿಂಕೆಯ ಜಾತಿಯ ಪ್ರಾಣಿಗಳಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲ. ದನದ ಹಾಗೆಯೇ. ಆದುದರಿಂದ ಅವು ಎಲೆಯನ್ನೂ ಚಿಗುರನ್ನೂ ಕಚ್ಚಿ ಎಳೆದು ಹರಿಯುತ್ತವೆ. ಹರಿದ ಜಾಗ ನಾರುನಾರಾಗಿರುತ್ತದೆ. ಮೊಲ, ಮುಳ್ಳುಹಂದಿ ಕತ್ತರಿಸಿದ ಗಿಡದ ಮೇಲೆ ಚಾಕುವಿನಿಂದ ಓರೆಯಾಗಿ ಕೊಯ್ದ ಹಾಗೆ ಗಾಯ ಇರುತ್ತದೆ. ಹಂದಿಯಾದರೆ ನೆಲವನ್ನೇ ಉತ್ತು ಹಾಕಿರುತ್ತದೆ. ಇಷ್ಟರಿಂದಲೇ ಅರ್ಧ ಸಂಗತಿ ತಿಳಿಯುತ್ತದೆ. ಕ್ಯಾಮೆರಾವನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬುದನ್ನೂ ಇದರಿಂದಲೇ ನಿಶ್ಚಯಿಸಬಹುದು.

ಪೆಟ್ಟಿಗೆಯ ಪೂರ್ವಕತೆ

ಇರುಳಲ್ಲಿ ಪ್ರಾಣಿಯೇ ತನ್ನ ಚಿತ್ರ ತೆಗೆಸಿಕೊಳ್ಳುವ ಈ ಉಪಾಯ ಹುಟ್ಟಿದ್ದೇ ಜಿಂಕೆಯಿಂದ ಎಂದರೆ ತಪ್ಪಿಲ್ಲ. ಅಮೆರಿಕದ ಜಾರ್ಜ್ ಶೀರಾಸ್ ಎಂಬ ವಕೀಲರು ಮೊದಲು ಬೇಟೆಗಾರರಾಗಿದ್ದವರು. ಕೋವಿ ಕೆಳಗಿಟ್ಟು ಕ್ಯಾಮೆರಾ ಹಿಡಿದರು. ಮಿಶಿಗನ್ ಸೀಮೆಯ ಕೆರೆಯೊಂದರಲ್ಲಿ ದೋಣಿಯ ಮೂತಿಗೆ ದೀಪ ಕಟ್ಟಿಕೊಂಡು, ದಡದಲ್ಲಿ ನಿಂತ ಜಿಂಕೆಗಳ ಚಿತ್ರ ತೆಗೆದರು. ಅಷ್ಟಕ್ಕೇ ನಿಲ್ಲದೆ ದಾರಿಗೆ ಅಡ್ಡವಾಗಿ ದಾರ ಕಟ್ಟಿ, ಜಿಂಕೆಯ ಕಾಲು ತಾಗಿದರೆ ಬೆಳಕು ಸಿಡಿದು ಚಿತ್ರ ಬೀಳುವಂತೆ ಮಾಡಿದರು. 1906ರ ಜುಲೈಯಲ್ಲಿ ನ್ಯಾಶನಲ್ ಜಿಯೋಗ್ರಾಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಪ್ರಕಟಿಸಿತು. ನಮ್ಮ ದೇಶದಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಇದೇ ತಂತಿಯ ಉಪಾಯದಿಂದ ಹುಲಿಗಳ ಚಿತ್ರ ತೆಗೆದರು.

ಮತ್ತೆ 1990ರ ದಶಕದಲ್ಲಿ, ನಮ್ಮ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ನಾಗರಹೊಳೆಯ ಕಾಡಿನಲ್ಲಿ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇರಿಸಿ, ಪಟ್ಟೆಗಳ ಗುರುತಿನಿಂದ ಒಂದೊಂದು ಹುಲಿಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಿಡಿದರು. ಆಗ ಫಿಲ್ಮಿನ ಕಾಲ. ಒಂದು ರೋಲಿನಲ್ಲಿ 36 ಚಿತ್ರ. ಗಾಳಿಗೆ ಅಲುಗಿದ ಎಲೆಯೊಂದು ಒಂದು ಚಿತ್ರ ತಿಂದರೆ ಅದು ಹೋಯಿತೆಂದೇ ಲೆಕ್ಕ. ಇಂದು ಕಾರ್ಡಿನಲ್ಲಿ ಸಾವಿರಗಟ್ಟಲೆ ಚಿತ್ರ ಹಿಡಿಯುತ್ತದೆ. ಆದರೆ ಬ್ಯಾಟರಿ ಖರ್ಚಾಗುತ್ತದೆ, ನೋಡುವವರ ತಾಳ್ಮೆಯೂ ಖರ್ಚಾಗುತ್ತದೆ.

ಈಗ ಪೇಟೆಯಲ್ಲಿ ಸಿಗುವ ಕ್ಯಾಮೆರಾಗಳು ಅಮೆರಿಕದ ಬೇಟೆಗಾರರನ್ನು ಮನಸ್ಸಿನಲ್ಲಿಟ್ಟು ಬೆಳೆದು ಬಂದವು. ಅಲ್ಲಿಯ ಬಿಳಿಬಾಲದ ಜಿಂಕೆ ಭುಜದಲ್ಲಿ ಸುಮಾರು ಮೂರು ಅಡಿ ಎತ್ತರ. ಬೇಟೆಯ ಕಾಲ ಚಳಿಯದ್ದು. ತೆರೆದ ಹುಲ್ಲುಗಾವಲು, ಎಲೆ ಉದುರಿದ ಮರಗಳು. ಪೆಟ್ಟಿಗೆಯೊಂದಿಗೆ ಬರುವ ಪುಸ್ತಿಕೆ ಮೂರು ಅಡಿ ಎತ್ತರಕ್ಕೆ ಕಟ್ಟಿ ಎಂದು ಹೇಳುವುದು ಈ ಕಾರಣದಿಂದ. ಹೆಚ್ಚಿನ ಕ್ಯಾಮೆರಾಗಳ ಮೆನುವಿನಲ್ಲಿ ಕನ್ನಡವೂ ಇಲ್ಲ, ಮಲೆಯಾಳವೂ ಇಲ್ಲ. ಈ ಒಂದು ವಿಷಯದಲ್ಲಿ ನಮಗೂ ನೆರೆಯವರಿಗೂ ಸಮಾನ ನ್ಯಾಯ!

ಎತ್ತರ ಮತ್ತು ದಿಕ್ಕು

ನಮ್ಮ ಕಡವೆ ಭುಜದಲ್ಲಿ ನಾಲ್ಕರಿಂದ ಐದು ಅಡಿ ಎತ್ತರದ ಪ್ರಾಣಿ. ಕಾಡುಕುರಿ ಎರಡು ಅಡಿಯ ಆಸುಪಾಸು. ಬರಿಂಕ ಒಂದು ಅಡಿಗೆ ಮೇಲಿಲ್ಲ. ಶಾಸ್ತ್ರ ಬಲ್ಲವರು ಬರಿಂಕವನ್ನು ನಿಜವಾದ ಜಿಂಕೆಯ ಕುಟುಂಬಕ್ಕೆ ಸೇರಿಸುವುದೂ ಇಲ್ಲ, ಅದಕ್ಕೆ ಕೊಂಬೂ ಇಲ್ಲ. ಚುಕ್ಕೆ ಜಿಂಕೆ ಸುಮಾರು ಮೂರು ಅಡಿ. ಅದು ವಯನಾಡಿನ ಮುತ್ತಂಗ, ತೋಲ್ಪೆಟ್ಟಿಯ ಕಡೆ, ಬಂಡೀಪುರ ಮತ್ತು ನಾಗರಹೊಳೆಗೆ ತಾಗಿದ ಎಲೆಯುದುರುವ ಕಾಡುಗಳಲ್ಲಿ ಹಿಂಡಾಗಿ ಕಾಣಸಿಗುವುದು. ನಮ್ಮ ಕಡೆಯ ಹೆಚ್ಚು ಮಳೆಯ ದಟ್ಟ ಕಾಡು ಅದಕ್ಕೆ ಒಗ್ಗುವುದಿಲ್ಲ.

ಮೂರು ಅಡಿ ಎತ್ತರಕ್ಕೆ ಕಟ್ಟಿದ ಕ್ಯಾಮೆರಾದ ಎದುರು ಬರಿಂಕ ನಡೆದು ಹೋದರೆ, ಹತ್ತಿರದಲ್ಲಿ ಹೋದಷ್ಟೂ ಅದರ ಬೆನ್ನಿನ ಮೇಲಿನಿಂದ ಕ್ಯಾಮೆರಾ ಆಚೆ ನೋಡುತ್ತಿರುತ್ತದೆ. ಕಡವೆಯನ್ನು ಕಾಯುವುದಾದರೆ ಸೊಂಟದ ಎತ್ತರ, ಅಂದರೆ ಮೂರು ಅಡಿ ಸರಿ. ಕಾಡುಕುರಿಗೆ ಮೊಣಕಾಲಿನ ಎತ್ತರ. ಬರಿಂಕಕ್ಕಾದರೆ ಒಂದು ಅಡಿಗಿಂತಲೂ ಕೆಳಗೆ. ಯಾವುದೆಂದು ತಿಳಿಯದ ಮೊದಲ ವಾರದಲ್ಲಿ ಮೊಣಕಾಲಿನಿಂದ ಒಂದು ಗೇಣು ಮೇಲೆ ಕಟ್ಟಿದರೆ ಹಂದಿಯೂ ಸಿಕ್ಕುತ್ತದೆ, ಕಡವೆಯ ಕಾಲು ಹೊಟ್ಟೆಯಾದರೂ ಸಿಕ್ಕುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇಲ್ಲಿ ಇನ್ನೊಂದು ತೊಡಕು ಇಳಿಜಾರು. ನಮ್ಮ ತೋಟಗಳು ಸಪಾಟಾಗಿರುವುದು ಕಡಿಮೆ. ಗುಡ್ಡದ ಮೇಲಿನಿಂದ ಕೆಳಗೆ ನೋಡುವಂತೆ ಕಟ್ಟಿದರೆ ಕ್ಯಾಮೆರಾ ಪ್ರಾಣಿಯ ತಲೆಯ ಮೇಲಿನ ಗಾಳಿಯನ್ನು ಕಾಯುತ್ತದೆ. ನೆಲ ಎಷ್ಟು ಓರೆಯಾಗಿದೆಯೋ ಕ್ಯಾಮೆರಾವೂ ಅಷ್ಟೇ ಓರೆಯಾಗಿರಲಿ. ಪಟ್ಟಿಯ ಹಿಂದೆ ಒಂದು ಸಣ್ಣ ಮರದ ಚಕ್ಕೆ ತುರುಕಿದರೆ ಸಾಕು.

ಪೂರ್ವ ಪಶ್ಚಿಮಕ್ಕೆ ಮುಖ ಮಾಡಿ ಕಟ್ಟಬಾರದು. ಸೂರ್ಯ ಹುಟ್ಟುವ ಮತ್ತು ಕಂತುವ ಹೊತ್ತು ಜಿಂಕೆಗಳು ಓಡಾಡುವ ಹೊತ್ತು. ಅದೇ ಹೊತ್ತಿಗೆ ಬಿಸಿಲು ಕಣ್ಣಿಗೆ ಹೊಡೆದು ಚಿತ್ರ ಬೆಳ್ಳಗಾಗಿ ಹೋಗುತ್ತದೆ. ಉತ್ತರಕ್ಕೆ ಮುಖವಿದ್ದರೆ ಉತ್ತಮ, ದಕ್ಷಿಣವೂ ಆದೀತು. ಪ್ರಾಣಿಯ ಜಾಡಿಗೆ ನೇರ ಎದುರಾಗಿ ಅಲ್ಲ, ಸ್ವಲ್ಪ ಓರೆಯಾಗಿ, ಹತ್ತು ಹದಿನೈದು ಅಡಿ ದೂರದಲ್ಲಿ ಇರಿಸಬೇಕು. ಇದರ ಕಾರಣ ಸೆನ್ಸರಿನ ಗುಣದಲ್ಲಿದೆ.

ಶಾಖ ನೋಡುವ ಕಣ್ಣು

ಕ್ಯಾಮೆರಾದಲ್ಲಿ ಎರಡು ಕಣ್ಣುಗಳಿವೆ. ಒಂದು ಚಿತ್ರ ತೆಗೆಯುವುದು, ಇನ್ನೊಂದು ಪಿ.ಐ.ಆರ್. ಎಂಬ ಸೆನ್ಸರು. ಈ ಎರಡನೆಯದು ರೂಪವನ್ನು ಕಾಣುವುದಿಲ್ಲ. ಎದುರಿನ ಜಾಗದ ಶಾಖವನ್ನು ಸದಾ ಅಳೆಯುತ್ತಾ, ಒಂದು ಮೂಲೆಯ ಶಾಖ ಥಟ್ಟನೆ ಬದಲಾದರೆ ಚಿತ್ರ ತೆಗೆಯಲು ಆಜ್ಞೆ ಕೊಡುತ್ತದೆ. ಅದರ ಮುಂದಿರುವ ಗೀರುಗೀರಾದ ಪ್ಲಾಸ್ಟಿಕಿನ ಗಾಜು ಎದುರಿನ ಜಾಗವನ್ನು ಹಲವು ಪಾಲು ಮಾಡುತ್ತದೆ. ಬಿಸಿಯಾದ ಶರೀರವೊಂದು ಒಂದು ಪಾಲಿನಿಂದ ಇನ್ನೊಂದಕ್ಕೆ ದಾಟಿದಾಗ ಸೆನ್ಸರು ಎಚ್ಚರಾಗುತ್ತದೆ. ಆದುದರಿಂದ ಅಡ್ಡ ಹಾಯುವ ಪ್ರಾಣಿ ಬೇಗ ಸಿಕ್ಕುತ್ತದೆ. ನೇರ ಕ್ಯಾಮೆರಾದ ಕಡೆಗೇ ಬರುವ ಪ್ರಾಣಿ ತಡವಾಗಿ ಸಿಕ್ಕುತ್ತದೆ. ತೀರ ಅಡ್ಡವಾಗಿಟ್ಟರೆ ವೇಗವಾಗಿ ಹೋಗುವ ಪ್ರಾಣಿಯ ಬಾಲ ಮಾತ್ರ ಸಿಕ್ಕೀತು. ಓರೆಯಾಗಿಡಬೇಕೆಂದುದು ಈ ಎರಡಕ್ಕೂ ನಡುವಿನ ದಾರಿ.

ಇನ್ನು ಸೆನ್ಸಿಟಿವಿಟಿ, ಅಂದರೆ ಸೆನ್ಸರಿನ ಚುರುಕು. ಹೈ, ಮೀಡಿಯಂ, ಲೋ ಎಂದು ಮೂರು ಇರುತ್ತವೆ. ಕೆಲವದರಲ್ಲಿ ಆಟೋ ಎಂಬುದೂ ಇದೆ. ಸೆನ್ಸರು ನೋಡುವುದು ಪ್ರಾಣಿಯ ಮೈಗೂ ಸುತ್ತಣ ಜಾಗಕ್ಕೂ ಇರುವ ಶಾಖದ ಅಂತರವನ್ನು. ಚಳಿ ದೇಶದಲ್ಲಿ ಈ ಅಂತರ ದೊಡ್ಡದು. ಅಲ್ಲಿ ಮೀಡಿಯಂ ಧಾರಾಳ ಸಾಕು. ನಮ್ಮ ಮಾರ್ಚ್ ಎಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಗಾಳಿಯೇ 34, 35 ಡಿಗ್ರಿಗೆ ಏರಿರುವಾಗ, ಮುರಕಲ್ಲಿನ ಕಟ್ಟೆ ಅದಕ್ಕಿಂತಲೂ ಬಿಸಿಯಾಗಿರುವಾಗ, ಕಡವೆಯ ಚರ್ಮದ ಶಾಖಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಪ್ರಾಣಿ ಎದುರೇ ಹಾದುಹೋದರೂ ಸೆನ್ಸರು ನಿದ್ದೆ ಮಾಡುತ್ತದೆ. ಬೇಸಗೆಯಲ್ಲಿ ಹಗಲೂ ಕಾಯುವುದಾದರೆ ಹೈ ಇರಿಸಬೇಕು. ಡಿಸೆಂಬರ್ ಜನವರಿಯ ತಂಪಿನಲ್ಲಿ, ಇರುಳನ್ನು ಮಾತ್ರ ಕಾಯುವುದಿದ್ದರೆ, ಮೀಡಿಯಂ ಸಾಕಾಗುತ್ತದೆ.

ಹೈ ಇರಿಸಿದರೆ ಬಾಳೆಯೆಲೆಯ ಉಪದ್ರ ಹೆಚ್ಚೆಂಬುದು ನಿಜ. ಬಿಸಿಲಿಗೆ ಕಾದ ಎಲೆ ಗಾಳಿಗೆ ಬೀಸಿದರೆ ಸೆನ್ಸರಿಗೆ ಅದೂ ಪ್ರಾಣಿಯೇ. ಇದಕ್ಕೆ ಔಷಧ ಮೆನುವಿನಲ್ಲಿಲ್ಲ, ಕತ್ತಿಯಲ್ಲಿದೆ. ಕ್ಯಾಮೆರಾದ ಎದುರು ಹತ್ತು ಹದಿನೈದು ಅಡಿಯೊಳಗಿನ ಬಳ್ಳಿ, ಹುಲ್ಲು, ನೇತಾಡುವ ಸೋಗೆ, ಬಾಳೆಯ ಒಣಗಿದ ಎಲೆ ಇವುಗಳನ್ನು ಸವರಿ ತೆಗೆಯಬೇಕು. ಕ್ಯಾಮೆರಾ ಕಟ್ಟುವ ಮರವೂ ದಪ್ಪದ್ದಾಗಿರಲಿ. ಅಡಿಕೆ ಮರ ಕಟ್ಟಲು ಅನುಕೂಲ, ಆದರೆ ಎಳೆಯ ಕಂಗು ಗಾಳಿಗೆ ತೂಗುವಾಗ ಕ್ಯಾಮೆರಾವೂ ತೂಗುತ್ತದೆ. ಆಗ ಇಡೀ ತೋಟವೇ ನಡೆದಾಡುತ್ತಿದೆ ಎಂದು ಅದಕ್ಕೆ ಭ್ರಮೆಯಾಗುತ್ತದೆ. ಹಲಸು, ಮಾವು ಅಥವಾ ನೆಲದಲ್ಲಿ ಹೂತ ಗೂಟ ಉತ್ತಮ.

ಫೊಟೊ, ವಿಡಿಯೋ, ವಿರಾಮ

ಎಷ್ಟು ಮೆಗಾಪಿಕ್ಸೆಲ್ ಎಂಬುದರ ಬಗ್ಗೆ ಅಂಗಡಿಯವರು ಬಹಳ ಮಾತಾಡುತ್ತಾರೆ. 24 ಇದೆ, 48 ಇದೆ ಎಂದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುತ್ತದೆ. ಹೆಚ್ಚಿನ ಕ್ಯಾಮೆರಾಗಳ ಒಳಗಿನ ನಿಜವಾದ ಸೆನ್ಸರು ಅದಕ್ಕಿಂತ ಎಷ್ಟೋ ಸಣ್ಣದು. ಉಳಿದುದನ್ನು ಯಂತ್ರವೇ ಲೆಕ್ಕ ಹಾಕಿ ತುಂಬಿಸುತ್ತದೆ. ಹಾಲಿಗೆ ನೀರು ಬೆರೆಸಿ ಸೇರು ಹೆಚ್ಚಿಸಿದ ಹಾಗೆ. ಚಿತ್ರದ ಸ್ಪಷ್ಟತೆ ಹೆಚ್ಚುವುದಿಲ್ಲ, ಕಾರ್ಡು ಬೇಗ ತುಂಬುತ್ತದೆ, ಒಂದು ಚಿತ್ರ ಬರೆದಿಟ್ಟು ಮುಂದಿನದಕ್ಕೆ ಸಿದ್ಧವಾಗಲು ಹೊತ್ತು ಹಿಡಿಯುತ್ತದೆ. ನಾಲ್ಕರಿಂದ ಎಂಟು ಮೆಗಾಪಿಕ್ಸೆಲ್ ಇರಿಸಿದರೆ ನಮ್ಮ ಕೆಲಸಕ್ಕೆ ಸಾಕು.

ವಿಡಿಯೋ ನೋಡಲು ಚೆಂದ. ಪ್ರಾಣಿ ಏನು ಮಾಡುತ್ತಿದೆ, ಸುಳಿ ತಿನ್ನುತ್ತಿದೆಯೇ ಅಥವಾ ಬರೇ ಹಾದುಹೋಗುತ್ತಿದೆಯೇ ಎಂಬುದು ವಿಡಿಯೋದಲ್ಲಿ ತಿಳಿಯುತ್ತದೆ. ಆದರೆ ಇರುಳಲ್ಲಿ ವಿಡಿಯೋ ನಡೆಯುವಷ್ಟು ಹೊತ್ತೂ ದೀಪ ಉರಿಯುತ್ತಿರಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ. ಮೊದಲ ವಾರ ಫೊಟೊ ಮಾತ್ರ ಇರಿಸಿ, ಒಂದು ಸಲಕ್ಕೆ ಮೂರು ಚಿತ್ರ ಬೀಳುವಂತೆ ಮಾಡುವುದು ಉತ್ತಮ. ಮೊದಲನೆಯದರಲ್ಲಿ ಮೂತಿ ಮಾತ್ರ ಇದ್ದರೂ ಎರಡನೆಯದರಲ್ಲಿ ಮೈ, ಮೂರನೆಯದರಲ್ಲಿ ಹಿಂದೆ ಬರುವ ಮರಿ ಕಾಣಸಿಗುತ್ತದೆ. ಯಾವ ಪ್ರಾಣಿ, ಎಷ್ಟು ಗಂಟೆಗೆ, ಯಾವ ಮೂಲೆಯಿಂದ ಎಂಬುದು ನಿಶ್ಚಯವಾದ ಮೇಲೆ ಎರಡನೆಯ ವಾರ ಹತ್ತು ಹದಿನೈದು ಸೆಕೆಂಡಿನ ವಿಡಿಯೋ ಇರಿಸಬಹುದು. ಬೆಳೆ ತಿನ್ನುವುದಕ್ಕೆ ಸಾಕ್ಷಿ ಬೇಕಾದವರಿಗೆ ಈ ಎರಡನೆಯ ವಾರವೇ ಮುಖ್ಯ.

ಇಂಟರ್ವಲ್ ಎಂಬ ಇನ್ನೊಂದು ಸೆಟ್ಟಿಂಗು ಇದೆ. ಒಂದು ಸಲ ಚಿತ್ರ ತೆಗೆದ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ಸುಮ್ಮನಿರಬೇಕೆಂಬ ಲೆಕ್ಕ ಅದು. ಇದರಲ್ಲಿಯೇ ಹಲವರು ಎಡವುತ್ತಾರೆ. ಕಾಡಿನಿಂದ ತೋಟಕ್ಕೆ ಇಳಿಯುವ ಜಾಡಿನಲ್ಲಿ, ಬೇಲಿಯ ತೂತಿನಲ್ಲಿ, ತಡಮೆಯ ಬಳಿ ಕ್ಯಾಮೆರಾ ಇದ್ದರೆ ಪ್ರಾಣಿ ಎರಡು ಮೂರು ಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಅಲ್ಲಿ ಐದು ಹತ್ತು ಸೆಕೆಂಡಿಗಿಂತ ಹೆಚ್ಚು ವಿರಾಮ ಕೊಟ್ಟರೆ ಮುಂದೆ ಹೋದ ಹೆಣ್ಣು ಕಡವೆ ಸಿಕ್ಕಿ ಹಿಂದೆ ಬಂದ ಗಂಡು ತಪ್ಪಿಹೋಗುತ್ತದೆ. ಅದೇ ಬಾಳೆಯ ಬುಡದಲ್ಲಿ ಅಥವಾ ನೀರಿನ ಪಳ್ಳದ ಬಳಿ ಇದ್ದರೆ ಪ್ರಾಣಿ ಅರ್ಧ ಗಂಟೆ ಅಲ್ಲೇ ನಿಲ್ಲುತ್ತದೆ. ಅಲ್ಲಿ ಒಂದರಿಂದ ಎರಡು ಮಿನಿಟು ವಿರಾಮವಿಲ್ಲದಿದ್ದರೆ ಒಂದೇ ಕಡವೆಯ ಇನ್ನೂರು ಚಿತ್ರ ನೋಡುತ್ತಾ ಕೂರಬೇಕು.

ಇದಕ್ಕೆ ತಾಗಿಕೊಂಡೇ ಒಂದು ಎಚ್ಚರಿಕೆ. ನಲುವತ್ತು ಚಿತ್ರ ಎಂದರೆ ನಲುವತ್ತು ಕಡವೆ ಎಂದರ್ಥವಲ್ಲ. ಹುಲಿಗೆ ಪಟ್ಟೆಯಿದೆ, ಕಡವೆಯ ಮೈಮೇಲೆ ಅಂತಹ ಗುರುತಿಲ್ಲ. ಕೊಂಬಿನ ಆಕಾರ, ಹರಿದ ಕಿವಿ, ಹಳೆಯ ಗಾಯದ ಕಲೆ ಇವುಗಳಿಂದ ಒಂದೆರಡನ್ನು ಗುರುತಿಸಬಹುದಷ್ಟೆ. ಇಡೀ ಹಿಂಡೇ ಬಂದಿದೆ ಎಂದು ಅರ್ಜಿಯಲ್ಲಿ ಬರೆದವರು ಒಂದೇ ಗಂಡು ಕಡವೆಯ ಚಿತ್ರಗಳನ್ನು ಮುಂದಿಟ್ಟರೆ ಅಧಿಕಾರಿಗಳು ಉಳಿದ ಮಾತನ್ನೂ ನಂಬಲಾರರು. ಹಾಗೆಯೇ ಕಡವೆಯ ಕೊರಳಿನ ಕೆಳಗೆ ರೋಮ ಉದುರಿದ, ಹಸಿಹುಣ್ಣಿನಂತಹ ಮಚ್ಚೆ ಕಂಡರೆ ಯಾರೋ ಗುಂಡು ಹೊಡೆದಿದ್ದಾರೆಂದು ಗಾಬರಿಪಡಬೇಕಾಗಿಲ್ಲ. ಕಡವೆಗಳಲ್ಲಿ ಅದು ಸಾಮಾನ್ಯವಾಗಿ ಕಾಣುವಂತಹುದೇ.

ಇರುಳಿನ ದೀಪ

ಇರುಳಿನ ಚಿತ್ರಕ್ಕೆ ಬೆಳಕು ಬೇಕು. ಬಿಳಿ ಮಿಂಚಿನ ಕ್ಯಾಮೆರಾ ಬಣ್ಣದ ಚಿತ್ರ ಕೊಡುತ್ತದೆ, ಪ್ರಾಣಿಯನ್ನು ಬೆದರಿಸುತ್ತದೆ, ಕಳ್ಳನಿಗೂ ತನ್ನ ಇರವನ್ನು ತೋರಿಸುತ್ತದೆ. ಹೆಚ್ಚಿನವುಗಳಲ್ಲಿರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಅದರಲ್ಲಿಯೂ ಎರಡು ಬಗೆ. 850 ನ್ಯಾನೋಮೀಟರಿನದು ದೂರಕ್ಕೆ ಹೋಗುತ್ತದೆ, ಚಿತ್ರ ಸ್ವಚ್ಛ, ಆದರೆ ಎದುರಿನಿಂದ ನೋಡಿದರೆ ಬೀಡಿಯ ಕಿಡಿಯಷ್ಟು ಕೆಂಪು ಮಿನುಗು ಕಾಣುತ್ತದೆ. 940ರದು ಕಾಣುವುದೇ ಇಲ್ಲ, ದೂರ ಕಡಿಮೆ, ಚಿತ್ರ ಸ್ವಲ್ಪ ಮಂಕು. ಜಿಂಕೆಯ ಕಣ್ಣು ನೀಲಿ ಹಸಿರುಗಳನ್ನು ಕಾಣುವಷ್ಟು ಚೆನ್ನಾಗಿ ಕೆಂಪನ್ನು ಕಾಣುವುದಿಲ್ಲ. ತೋಟದಲ್ಲಿ ಹದಿನೈದು ಅಡಿಯೊಳಗೆ ಕಾಯುವವರಿಗೆ 940ರದೇ ಸಾಕು. ಆ ದೂರದಲ್ಲಿ ಬೆಳಕಿನ ಬಲವನ್ನು ಮೆನುವಿನಲ್ಲಿ ಕಡಿಮೆಗೆ ಇಳಿಸಬೇಕು, ಇಲ್ಲವಾದರೆ ಹತ್ತಿರ ಬಂದ ಬರಿಂಕ ಸುಣ್ಣದ ಗೊಂಬೆಯಂತೆ ಕಾಣುತ್ತದೆ.

ಟೈಮರ್ ಇರಿಸಿ ಇರುಳು ಮಾತ್ರ ಕೆಲಸ ಮಾಡಿಸುವ ಕ್ರಮವೂ ಇದೆ. ಕಡವೆ ಹೆಚ್ಚಾಗಿ ಇರುಳಿನ ಪ್ರಾಣಿಯಾದುದರಿಂದ ಸಂಜೆ 6ರಿಂದ ಬೆಳಗ್ಗೆ 7ರ ವರೆಗೆ ಎಂದಿಟ್ಟರೆ ಬ್ಯಾಟರಿಯೂ ಉಳಿಯುತ್ತದೆ, ಹಗಲಿನ ಬಿಸಿ ಎಲೆಯ ಕಾಟವೂ ತಪ್ಪುತ್ತದೆ. ಆದರೆ ಕಾಡುಕುರಿ ಹಗಲಲ್ಲಿಯೂ ಓಡಾಡುತ್ತದೆ, ಮಂಗನ ಮಾತಂತೂ ಬೇಡ. ಮೊದಲ ವಾರ ಇಪ್ಪತ್ತನಾಲ್ಕು ಗಂಟೆಯೂ ತೆರೆದಿಟ್ಟು ಆಮೇಲೆ ಕಡಿಮೆ ಮಾಡುವುದು ವಿವೇಕ. ಚಿತ್ರದ ಅಡಿಯಲ್ಲಿ ಚಂದ್ರನ ಕಲೆಯನ್ನು ತೋರಿಸುವ ಕ್ಯಾಮೆರಾಗಳೂ ಇವೆ. ಅಮಾವಾಸ್ಯೆಯ ಹತ್ತಿರ ಪ್ರಾಣಿಗಳು ಹೆಚ್ಚು ನುಗ್ಗುತ್ತವೆಂಬ ಹಿರಿಯರ ಮಾತು ಎಷ್ಟು ನಿಜವೆಂದು ವರ್ಷವಿಡೀ ಕ್ಯಾಮೆರಾ ಇಟ್ಟವರು ಯಾರಾದರೂ ಲೆಕ್ಕ ಹಾಕಿ ನೋಡಿದರೆ ಒಳ್ಳೆಯದಿತ್ತು.

ತಾರೀಕಿನ ತೊಡಕು

ಎಲ್ಲಕ್ಕಿಂತ ಸಣ್ಣದೆಂದು ತೋರುವ, ಆದರೆ ಅರ್ಜಿ ಕೊಡುವವರಿಗೆ ಎಲ್ಲಕ್ಕಿಂತ ದೊಡ್ಡದಾದ ವಿಷಯ ತಾರೀಕು. ಕ್ಯಾಮೆರಾದ ಗಡಿಯಾರವನ್ನು ನಾವೇ ಹೊಂದಿಸಬೇಕು. ಹೊಂದಿಸದಿದ್ದರೆ ಕಾರ್ಖಾನೆಯಲ್ಲಿ ಇಟ್ಟ ಯಾವುದೋ ವರ್ಷದ ಜನವರಿ 1 ಎಂದೇ ಎಲ್ಲ ಚಿತ್ರಗಳ ಮೇಲೂ ಬೀಳುತ್ತದೆ. ಅಮೆರಿಕದವರು ತಿಂಗಳನ್ನು ಮೊದಲು, ತಾರೀಕನ್ನು ಆಮೇಲೆ ಬರೆಯುವವರು. 04/07 ಎಂದರೆ ಅವರಿಗೆ ಎಪ್ರಿಲ್ 7, ನಮಗೆ ಜುಲೈ 4. ವಿಷುವಿನ ಮೊದಲು ಆದ ನಷ್ಟವು ಮಳೆಗಾಲದ ನಷ್ಟವಾಗಿ ಕಾಗದಕ್ಕೆ ಏರಿದರೆ ಅರ್ಜಿ ಅಲ್ಲಿಗೇ ನಿಂತಿತು. ಮೆನುವಿನಲ್ಲಿ ತಾರೀಕಿನ ಕ್ರಮವನ್ನು ದಿನ, ತಿಂಗಳು, ವರ್ಷ ಎಂದು ಬದಲಾಯಿಸಿಕೊಳ್ಳಬೇಕು. ಗಂಟೆಯನ್ನು 24ರ ಕ್ರಮಕ್ಕೆ ಇಡಬೇಕು. ಟೈಮ್ ಸ್ಟ್ಯಾಂಪ್ ಎಂಬುದು ಆನ್ ಇರಬೇಕು. ಬ್ಯಾಟರಿ ತೆಗೆದಾಗ ಕೆಲವು ಕ್ಯಾಮೆರಾಗಳ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಬ್ಯಾಟರಿ ಬದಲಾಯಿಸಿದಾಗಲೆಲ್ಲ ಮೊಬೈಲಿನ ಸಮಯದೊಂದಿಗೆ ತಾಳೆ ನೋಡಬೇಕು. ಕ್ಯಾಮೆರಾಕ್ಕೆ ಹೆಸರು ಕೊಡುವ ಅವಕಾಶವಿದ್ದರೆ ತೋಟದ ಮೂಲೆಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಾದರೂ ಬರೆದಿಡಿ.

ಬ್ಯಾಟರಿಯ ವಿಷಯದಲ್ಲಿ ಹಳತು ಹೊಸತು ಬೆರೆಸುವುದು, ಎರಡು ಕಂಪೆನಿಗಳದ್ದನ್ನು ಒಟ್ಟಿಗೆ ಹಾಕುವುದು ಕೂಡದು. ಚಾರ್ಜು ಮಾಡುವ ಬ್ಯಾಟರಿ 1.2 ವೋಲ್ಟಿನದು, ಬಿಸಾಡುವ ಬಗೆಯದು 1.5. ಕೆಲವು ಕ್ಯಾಮೆರಾಗಳ ಇರುಳಿನ ದೀಪ ಕಡಿಮೆ ವೋಲ್ಟಿನಲ್ಲಿ ಮಂಕಾಗುತ್ತದೆ. ಕೊಳ್ಳುವಾಗಲೇ ವಿಚಾರಿಸಬೇಕು. ಸಿಮ್ ಹಾಕಿ ಮೊಬೈಲಿಗೆ ಚಿತ್ರ ಕಳಿಸುವ ಕ್ಯಾಮೆರಾಗಳನ್ನು ಸಿಗ್ನಲ್ ಸರಿಯಿಲ್ಲದ ಗುಡ್ಡದಲ್ಲಿ ಇಟ್ಟರೆ ಅದು ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಬ್ಯಾಟರಿಯನ್ನು ತಿಂದು ಮುಗಿಸುತ್ತದೆ. ಅಂತಹ ಕಡೆ ದಿನಕ್ಕೊಂದು ಸಲ ಮಾತ್ರ ಕಳಿಸುವಂತೆ ಇರಿಸಬೇಕು.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ನೀರು ಹೋಗದ ಪೆಟ್ಟಿಗೆಯೆಂದು ಬರೆದಿದ್ದರೂ ಜೂನ್ ಜುಲೈಯಲ್ಲಿ ಒಳಗೆ ಸಿಲಿಕಾ ಜೆಲ್ಲಿನ ಸಣ್ಣ ಚೀಲವೊಂದನ್ನು ಹಾಕಿಡುವುದು ಕ್ಷೇಮ. ಮೇಲೆ ಸಣ್ಣ ಮಾಡಿನಂತೆ ತಗಡಿನ ತುಂಡು ಸಿಕ್ಕಿಸಬಹುದು. ಹಾಳೆಯ ತುಂಡಾದರೆ ಗಾಳಿಗೆ ಬಡಿದು ಮತ್ತೆ ಅದೇ ಎಲೆಯ ಕತೆ. ಜೇಡನ ಬಲೆ ಕಣ್ಣಿನ ಎದುರಿದ್ದರೆ ಇರುಳಿನ ಬೆಳಕೆಲ್ಲ ಬಲೆಯ ಮೇಲೇ ಬಿದ್ದು ಚಿತ್ರ ಮಬ್ಬಾಗುತ್ತದೆ. ಇರುವೆಗಳಂತೂ ಪೆಟ್ಟಿಗೆಯನ್ನು ತಮಗಾಗಿ ಕಟ್ಟಿಸಿದ ಮನೆಯೆಂದೇ ತಿಳಿಯುತ್ತವೆ.

ಇದನ್ನೆಲ್ಲ ನೋಡಲು ದಿನಾ ಹೋಗಬೇಕಾಗಿಲ್ಲ. ಹೋದಷ್ಟೂ ಮನುಷ್ಯನ ವಾಸನೆ ಉಳಿಯುತ್ತದೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಮಧ್ಯಾಹ್ನದ ಹೊತ್ತಿಗೆ ಹೋದರೆ ಸಾಕು. ಆನೆ ಇಳಿಯುವ ಕಾರಡ್ಕ, ದೇಲಂಪಾಡಿಯಂತಹ ಕಡೆಗಳಲ್ಲಿ ಮಸುಕು ಹೊತ್ತಿನಲ್ಲಿ ಕ್ಯಾಮೆರಾ ನೋಡಲು ಹೋಗಲೇಬಾರದು. ಕ್ಯಾಮೆರಾ ಇನ್ನೊಂದು ತರಬಹುದು.

ಎಲ್ಲಿ ಕಟ್ಟಬಾರದು ಎಂಬುದನ್ನೂ ಹೇಳಬೇಕು. ರಿಸರ್ವ್ ಕಾಡಿನೊಳಗೆ ಇಲಾಖೆಯ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ನಮ್ಮ ವರ್ಗ ಜಾಗದಲ್ಲಿಯೂ ನೆರೆಯವರ ಅಂಗಳ, ಹೆಂಗಸರು ನೀರಿಗೆ ಹೋಗುವ ಕಾಲುದಾರಿ, ಸ್ನಾನದ ಕಟ್ಟೆ, ಸುರಂಗದ ಬಾಯಿ ಇವುಗಳ ಕಡೆ ಅದರ ಮುಖ ಇರಬಾರದು. ಉತ್ತರಾಖಂಡದ ಕಾರ್ಬೆಟ್ ಹುಲಿವನದ ಬಳಿ, ಪ್ರಾಣಿಗಳಿಗಾಗಿ ಇಟ್ಟ ಕ್ಯಾಮೆರಾಗಳು ಸೌದೆ ಹುಲ್ಲಿಗೆ ಹೋಗುವ ಹಳ್ಳಿಯ ಹೆಂಗಸರ ಚಿತ್ರಗಳನ್ನು ತೆಗೆದು, ಅವರ ನೆಮ್ಮದಿ ಹಾಳು ಮಾಡಿದ ಸಂಗತಿಯನ್ನು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರವಾಗಿ ಹೇಳಿದೆ. ಕ್ಯಾಮೆರಾ ಕಟ್ಟುವ ಮೊದಲು ನೆರೆಮನೆಗೆ ಒಂದು ಮಾತು ಹೇಳಿಬಿಟ್ಟರೆ ಮುಂದಿನ ಜಗಳ ತಪ್ಪುತ್ತದೆ. ಅವರ ಬಾಳೆಯ ಕಂದನ್ನೂ ಅದೇ ಕಡವೆ ತಿಂದಿರಬಹುದು.

ಚಿತ್ರ ಸಿಕ್ಕಿದ ಮೇಲೆ ಅರ್ಜಿ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಸಾರಿದ ಕಡೆಗಳಲ್ಲಿರುವ ಸರಕಾರಿ ಕಚೇರಿಗಳೊಂದಿಗೂ, ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಕನ್ನಡದಲ್ಲಿಯೇ ಬರೆಯಿರಿ. ಆದರೆ ಪ್ರಾಣಿಯ ಹೆಸರಿನಲ್ಲಿ ಎಚ್ಚರ ಬೇಕು. ನಾವು ಕಾಡುಕುರಿ ಎಂದು ಬರೆದುದನ್ನು ಕನ್ನಡ ಅರಿಯದವರು ಪದಕ್ಕೆ ಪದ ಹಿಡಿದು ತರ್ಜುಮೆ ಮಾಡಿದರೆ ಕಾಡಿನಲ್ಲಿ ಕುರಿಮಂದೆ ಹುಟ್ಟಿಕೊಳ್ಳುತ್ತದೆ! ಮಲೆಯಾಳದಲ್ಲಿ ಅದು ಕೇಳಮಾನ್. ಕಡವೆ ಎಂದರೆ ಮ್ಲಾವ್, ಬರಿಂಕ ಎಂದರೆ ಕೂರಮಾನ್, ಚುಕ್ಕೆ ಜಿಂಕೆ ಪುಳ್ಳಿಮಾನ್. ಕನ್ನಡದ ಹೆಸರಿನ ಪಕ್ಕದಲ್ಲಿ ಈ ಹೆಸರನ್ನೂ ಬರೆದು, ತಾರೀಕು ಕಾಣುವಂತೆ ಎರಡು ಮೂರು ಚಿತ್ರ, ಹಾಳಾದ ಗಿಡದ ಹಗಲಿನ ಚಿತ್ರ ಒಂದು, ಇಷ್ಟನ್ನು ಲಗತ್ತಿಸಿದರೆ ಸ್ಥಳಕ್ಕೆ ಬಂದು ನೋಡುವವರಿಗೂ ಕೆಲಸ ಸುಲಭ. ಅರ್ಜಿ ತೀರ್ಮಾನವಾಗುವ ವರೆಗೆ ಮೂಲ ಕಾರ್ಡನ್ನು ಅಳಿಸದೆ ತೆಗೆದಿರಿಸಿ, ಕ್ಯಾಮೆರಾಕ್ಕೆ ಬೇರೆ ಕಾರ್ಡು ಹಾಕಿ.